ಜೇಬಿನಲ್ಲಿದ್ದ ಅವಳಿ ಟ್ಯೂಬುಗಳು

ನನ್ನ ತಂಗಿಗೆ ಹೆದರಿಕೆ ಹುಟ್ಟಿನಿಂದಲೇ ಬಂದದ್ದು. ಚಿಕ್ಕವಳಿದ್ದಾಗ ಫ್ಯಾನಿನ ಕೆಳಗೆ ಮಲಗುತ್ತಿರಲಿಲ್ಲ, ಕಳಚಿ ಬಿದ್ದರೆ ಎಂದು. ಮನೆಗೆ ಬೀಗ ಹಾಕಿ ಹೊರಟರೆ ಬೀದಿಯ ಕೊನೆಯಿಂದ ವಾಪಸ್ ಓಡಿ ಬಂದು ಬೀಗ ಎಳೆದು ನೋಡುತ್ತಿದ್ದಳು. ಬಸ್ಸಿನ ಟಿಕೆಟನ್ನು ಇಳಿಯುವ ತನಕ ಮುಷ್ಟಿಯಲ್ಲೇ ಹಿಡಿದುಕೊಂಡಿರುತ್ತಿದ್ದಳು, ಅದು ಬೆವರಿಗೆ ಒದ್ದೆಯಾಗಿ ಅಕ್ಷರವೆಲ್ಲ ಅಳಿಸಿಹೋಗುತ್ತಿತ್ತು. ಪುಕ್ಕಲಿ ಎನ್ನುವುದನ್ನು ಮುದ್ದಿಗೆ ಚಿಕ್ಕದು ಮಾಡಿ ಮನೆಯಲ್ಲಿ ಎಲ್ಲರೂ ಅವಳನ್ನು ಪುಕ್ಕಿ ಎಂದೇ ಕರೆದೆವು. ಅಂಥವಳು ಡಾಕ್ಟರಾಗುತ್ತೇನೆ ಎಂದಾಗ ಅಮ್ಮ ನಕ್ಕಳು. ಡಾಕ್ಟರಾಗಿದ್ದು ಸಾಲದೆಂದು ರಕ್ತದ ಕಾಯಿಲೆಗಳ ವಿಭಾಗಕ್ಕೇ ಹೋಗಿ ಸೇರಿಕೊಂಡಾಗ ನಾನು ನಕ್ಕೆ. ರಕ್ತ ಕಂಡರೆ ತನಗೇನೂ ಆಗುವುದಿಲ್ಲ, ತನ್ನ ಕೈಯಿಂದ ತಪ್ಪಾದರೆ ಎನ್ನುವುದೊಂದೇ ಭಯ ಎಂದು ಅವಳು ಅಂದಳು. ಆ ಭಯವೊಂದು ಸಾಲದೇ ಎಂದು ನಾನು ಆಗ ಕೇಳಲಿಲ್ಲ.

ನನ್ನದು ಹೊಲಿಗೆ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡಿದ್ದೇನೆ. ಅಕ್ಕತಂಗಿ ಇಬ್ಬರದೂ ಸೂಜಿಯ ಕೆಲಸವೇ ಎಂದು ಅವಳನ್ನು ರೇಗಿಸುವುದುಂಟು. ಆದರೆ ನನ್ನ ಸೂಜಿ ದಾರಿ ತಪ್ಪಿದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಗಿರಾಕಿ ಗೊಣಗುತ್ತಾರೆ, ನಾನೂ ಎರಡು ಮಾತು ಆಡುತ್ತೇನೆ, ಅಲ್ಲಿಗೆ ಮುಗಿಯಿತು. ಅವಳು ಸಂಜೆ ಬಂದು ಚಪ್ಪಲಿ ಬಿಟ್ಟವಳೇ ನನ್ನೆದುರಿನ ಸ್ಟೂಲಿನ ಮೇಲೆ ಕೂತು ಆ ದಿನದ ಹೆದರಿಕೆಗಳನ್ನೆಲ್ಲ ಒಪ್ಪಿಸುತ್ತಾಳೆ. ನಾನು ಮಿಷನ್ ತುಳಿಯುತ್ತ ಹೂಂಗುಟ್ಟುತ್ತೇನೆ. ಹಾಗೆ ಕೇಳಿ ಕೇಳಿ ಆ ವಾರ್ಡಿನಲ್ಲಿ ನಾನು ಕಣ್ಣು ಕಟ್ಟಿಕೊಂಡೂ ಓಡಾಡಬಲ್ಲೆ.

ಆಸ್ಪತ್ರೆಯ ಮೇಲಿನ ಮಹಡಿಯ ತುದಿಯಲ್ಲಿ ಒಂದರ ಹಿಂದೆ ಒಂದು ಎರಡು ಬಾಗಿಲು, ನಡುವೆ ಕೈ ತೊಳೆಯುವ ಬೇಸಿನ್. ಕೈ ತೊಳೆಯದೆ ಎರಡನೆಯ ಬಾಗಿಲು ಮುಟ್ಟುವಂತಿಲ್ಲ. ಒಳಗಿರುವವರ ಮೈಯಲ್ಲಿ ರೋಗ ತಡೆಯುವ ಶಕ್ತಿ ಸೊನ್ನೆ; ಹೊರಗಿನವರ ನೆಗಡಿಯೂ ಅವರಿಗೆ ಯಮ. ಹೂವು ತರುವಂತಿಲ್ಲ, ಕತ್ತರಿಸಿದ ಹಣ್ಣು ತರುವಂತಿಲ್ಲ. ಕಿರಿಯ ಡಾಕ್ಟರುಗಳ ಕೆಲಸವೆಂದರೆ ಬೆಳಿಗ್ಗೆ ಎಲ್ಲರ ರಕ್ತ ತೆಗೆಯುವುದು, ಕಳಿಸುವುದು, ರಿಪೋರ್ಟಿನ ಬೆನ್ನು ಹತ್ತುವುದು, ಬ್ಲಡ್ ಬ್ಯಾಂಕಿನವರ ಕಾಲು ಹಿಡಿಯುವುದು, ಮತ್ತು ದೊಡ್ಡ ಡಾಕ್ಟರಮ್ಮ ರೌಂಡಿಗೆ ಬಂದಾಗ ಬೈಸಿಕೊಳ್ಳುವುದು.

ಅಲ್ಲಿ ಒಂದು ನಿಯಮವಿದೆ. ಹೊಸ ರೋಗಿಗೆ ರಕ್ತ ಹಾಕಬೇಕಾದರೆ ಗುಂಪು ಪರೀಕ್ಷೆಗೆ ಎರಡು ಸಲ ಮಾದರಿ ತೆಗೆಯಬೇಕು. ಒಂದು ಸಲ ಚುಚ್ಚಿ ಒಂದು ಟ್ಯೂಬು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿ ಇನ್ನೊಂದು. ಎರಡೂ ಒಂದೇ ಗುಂಪು ಎಂದು ಬಂದರೆ ಮಾತ್ರ ರಕ್ತದ ಚೀಲ ಕೊಡುತ್ತಾರೆ. ಒಬ್ಬರ ಟ್ಯೂಬಿಗೆ ಇನ್ನೊಬ್ಬರ ಚೀಟಿ ಅಂಟಿದ್ದರೆ ಎರಡನೆಯ ಟ್ಯೂಬು ಅದನ್ನು ಹಿಡಿದುಕೊಡಲಿ ಎಂದು ಈ ಏರ್ಪಾಡು. ಆದರೆ ನರ ಸಿಗದ ಬಡಕಲು ಕೈಗಳನ್ನು ಎರಡೆರಡು ಸಲ ಚುಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೆ ಕಿರಿಯರು ಒಂದು ಉಪಾಯ ಕಂಡುಕೊಂಡಿದ್ದರು. ಒಂದೇ ಚುಚ್ಚಿಗೆ ಎರಡು ಟ್ಯೂಬು ತುಂಬಿಸಿ, ಒಂದನ್ನು ಆಗಲೇ ಕಳಿಸಿ, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಆಮೇಲೆ ಕಳಿಸುವುದು. ಅದಕ್ಕೆ ಅವರ ಭಾಷೆಯಲ್ಲಿ ಅವಳಿ ತೆಗೆಯುವುದು ಎಂದು ಹೆಸರು. ಪುಕ್ಕಿಗೆ ಇದನ್ನು ಹೇಳಿಕೊಟ್ಟವನು ಅವಳ ಜೊತೆಗೇ ಸೇರಿದ ಇನ್ನೊಬ್ಬ ಕಿರಿಯ ಡಾಕ್ಟರು. ಅವನ ಕೈ ಚುರುಕು, ಬಾಯಿ ಇನ್ನೂ ಚುರುಕು, ನರ್ಸುಗಳು ಅವನಿಗೆ ಚುರುಕಪ್ಪ ಎಂದು ಹೆಸರಿಟ್ಟಿದ್ದರು. ಪುಕ್ಕಿ ಬಹಳ ದಿನ ಒಪ್ಪಲಿಲ್ಲ.

ಒಪ್ಪಿಸಿದವರು ಒಬ್ಬ ಬಸ್ ಕಂಡಕ್ಟರು. ಬೇರೆ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿ, ಕಾಯಿಲೆ ಏನೆಂದು ಗೊತ್ತಾಗದೆ ಇಲ್ಲಿಗೆ ಬಂದವರು. ಮೈಯಲ್ಲಿ ರಕ್ತವೇ ತಯಾರಾಗುತ್ತಿರಲಿಲ್ಲ. ಎದ್ದು ಕೂತರೆ ಏದುಸಿರು, ತುಟಿ ಸುಣ್ಣದ ಬಣ್ಣ. ಎರಡೂ ತೋಳು ಚುಚ್ಚಿಸಿಕೊಂಡು ನೀಲಿಗಟ್ಟಿದ್ದವು. ಆದರೂ ತಮಾಷೆ ಬಿಟ್ಟವರಲ್ಲ. ತನ್ನ ನರಗಳು ಟಿಕೆಟ್ ತೆಗೆದುಕೊಳ್ಳದ ಪ್ರಯಾಣಿಕರಂತೆ, ಡಾಕ್ಟರನ್ನು ಕಂಡರೆ ಸೀಟಿನ ಕೆಳಗೆ ಅಡಗುತ್ತವೆ ಎಂದು ಪುಕ್ಕಿಗೆ ಹೇಳಿ ನಗಿಸಿದ್ದರು. ಅವರ ಹೆಂಡತಿ ಮಾತ್ರ ನಗುತ್ತಿರಲಿಲ್ಲ. ಗಂಡನ ಕೈ ನೋಡುತ್ತ, ಒಂದೇ ಸಲ ಚುಚ್ಚಿಬಿಡಮ್ಮ, ನಿನಗೆ ಪುಣ್ಯ ಬರುತ್ತೆ ಎಂದು ಬೇಡಿಕೊಂಡರು.

ಆ ಬೆಳಿಗ್ಗೆ ಪುಕ್ಕಿ ಚುಚ್ಚಿದ್ದು ತಪ್ಪಿತು, ಮತ್ತೆ ಚುಚ್ಚಿದ್ದೂ ತಪ್ಪಿತು. ಕೊನೆಗೆ ಮುಂಗೈಯ ಹಿಂಭಾಗದಲ್ಲಿ ಒಂದು ಎಳೆ ಸಿಕ್ಕಿತು. ಸಿಕ್ಕಿದ ಸಂತೋಷಕ್ಕೆ, ಆ ಹೆಂಡತಿಯ ಮುಖಕ್ಕೆ, ಎರಡು ಟ್ಯೂಬು ತುಂಬಿಸಿಬಿಟ್ಟಳು. ಪಕ್ಕದ ಹಾಸಿಗೆಯಲ್ಲಿ ಟೈಲ್ಸ್ ಹಾಕುವ ಮೇಸ್ತ್ರಿ. ಅವನೂ ಹೊಸಬನೇ. ಆಳು ಬಾಗಿಲಿನಷ್ಟು ಅಗಲ, ಸೂಜಿ ಕಂಡರೆ ಮೂರ್ಛೆ. ಅವನಿಗೂ ಅವಳಿಯನ್ನೇ ತೆಗೆದಳು. ಒಂದು ಸಲ ದಾಟಿದ ಮೇಲೆ ಎರಡನೆಯ ಸಲಕ್ಕೆ ಗೆರೆ ಕಾಣುವುದಿಲ್ಲ. ಒಂದೊಂದು ಜೊತೆಯನ್ನೂ ಗಾಜ್ ಬಟ್ಟೆಯಲ್ಲಿ ಸುತ್ತಿದ್ದಳು. ಇನ್ನೇನು ಚೀಟಿ ಅಂಟಿಸಬೇಕು, ಮೂಲೆಯ ಕೋಣೆಯ ಅಜ್ಜಿಗೆ ಮೂಗಿನಿಂದ ರಕ್ತ ಸುರಿಯುತ್ತಿದೆ ಎಂದು ನರ್ಸ್ ಕೂಗಿದಳು. ಪುಕ್ಕಿ ಎರಡೂ ಗಂಟನ್ನು ಕೋಟಿನ ಜೇಬಿಗೆ ತುರುಕಿ ಓಡಿದಳು. ಅಜ್ಜಿಯ ಮೂಗು ಅದುಮಿ ಹಿಡಿದು, ರಕ್ತ ನಿಂತ ಮೇಲೆ ಬಂದು, ಗಂಟುಗಳನ್ನು ಮೇಜಿನ ಮೇಲಿಟ್ಟಳು. ಫೋನ್ ಬಡಿದುಕೊಂಡಿತು, ಮಾತಾಡಿದಳು. ಆಮೇಲೆ ಕೂತು ಎಡಗಡೆಯದಕ್ಕೆ ಕಂಡಕ್ಟರ ಚೀಟಿ, ಬಲಗಡೆಯದಕ್ಕೆ ಮೇಸ್ತ್ರಿಯ ಚೀಟಿ ಅಂಟಿಸಿ, ಹೊತ್ತು ಬಿಟ್ಟು ಒಂದೊಂದಾಗಿ ಕಳಿಸಿದಳು. ಮೊದಲನೆಯ ರೋಗಿಯದು ಎಡ ಜೇಬಿಗೆ, ಎರಡನೆಯವನದು ಬಲ ಜೇಬಿಗೆ ಎನ್ನುವುದು ಅವಳ ರೂಢಿ. ಎಡ ಜೇಬಿನಿಂದ ತೆಗೆದದ್ದು ಎಡಗಡೆಗೇ ಇಟ್ಟಿರುತ್ತೇನೆ, ಅದರಲ್ಲಿ ಅನುಮಾನವೇ ಇಲ್ಲ ಎಂದುಕೊಂಡಳು.

ಮಧ್ಯಾಹ್ನ ಕೆಳಗಿನ ಊಟದ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದು, ಕೈಯಲ್ಲಿದ್ದ ಪೆನ್ನನ್ನು ಎಡ ಜೇಬಿಗೆ ಹಾಕಿದಳು. ಪೆನ್ನು ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಹಾಕಿದಳು, ಮತ್ತೆ ಬಿತ್ತು. ಆಗ ನೆನಪಾಯಿತು, ಆ ಕೋಟಿನ ಎಡ ಜೇಬಿನ ತಳ ಕಿತ್ತುಹೋಗಿತ್ತು. ಹೊಲಿದುಕೊಡು ಎಂದು ಅವಳು ನನ್ನ ಬೆನ್ನು ಹತ್ತಿದ್ದಳು, ನಾನು ನಾಳೆ ನಾಳೆ ಎನ್ನುತ್ತಿದ್ದೆ. ಬೆಳಿಗ್ಗೆಯೂ ಆ ಜೇಬು ತೂತೇ ಆಗಿತ್ತು. ಹಾಗಿದ್ದರೆ ಟ್ಯೂಬುಗಳನ್ನು ಎಡ ಜೇಬಿಗೆ ಹಾಕಿರಲಾರಳು. ಹಾಕಿದ್ದರೆ ಅವು ನೆಲದ ಮೇಲೆ ಚೂರಾಗಿರುತ್ತಿದ್ದವು. ಎರಡೂ ಗಂಟು ಬಲ ಜೇಬಿನಲ್ಲೇ ಒಟ್ಟಿಗೆ ಇದ್ದವು. ಎಡದ್ದು ಕಂಡಕ್ಟರದು ಎನ್ನುವುದು ಎಷ್ಟೋ ಬೇರೆ ದಿನಗಳ ನೆನಪು, ಈ ದಿನದ್ದಲ್ಲ.

ತಪ್ಪು ಗುಂಪಿನ ರಕ್ತ ಒಳಗೆ ಹೋದರೆ ಮೈ ಅದರ ಮೇಲೆ ತಿರುಗಿ ಬೀಳುತ್ತದೆ. ಚಳಿ, ಸೊಂಟ ನೋವು, ಆಮೇಲೆ ಮೂತ್ರಪಿಂಡ ಕೈಬಿಡುತ್ತದೆ. ಇಡೀ ಚೀಲವೇನೂ ಬೇಡ, ಕೆಲವು ಚಮಚ ಸಾಕು. ಎರಡು ಟ್ಯೂಬೂ ಒಂದೇ ಚುಚ್ಚಿನವು, ಹಾಗಾಗಿ ಬ್ಲಡ್ ಬ್ಯಾಂಕಿನಲ್ಲಿ ಎರಡೂ ಚೆನ್ನಾಗಿಯೇ ತಾಳೆಯಾಗಿರುತ್ತವೆ. ತಪ್ಪೇ ತಪ್ಪಿಗೆ ಸಾಕ್ಷಿ ಹೇಳಿರುತ್ತದೆ. ಕಂಡಕ್ಟರ ಚೀಲ ಮಧ್ಯಾಹ್ನಕ್ಕೆ ಬರುತ್ತದೆ ಎಂದಿದ್ದರು.

ಲಿಫ್ಟ್ ಎಲ್ಲೋ ಮೇಲೆ ನಿಂತಿತ್ತು. ಮೆಟ್ಟಿಲು ಹತ್ತಿ ಓಡಿದಳು. ದೇವರೇ ಇನ್ನೂ ಬಂದಿರಬಾರದು, ಇನ್ನೂ ಬಂದಿರಬಾರದು ಎಂದು ಅಷ್ಟೇ ಹೇಳಿಕೊಳ್ಳುತ್ತಿದ್ದಳಂತೆ. ಎರಡು ಬಾಗಿಲಿನ ನಡುವೆ ನಿಂತು ಕೈ ತೊಳೆದಳು. ಅಂಥ ಹೊತ್ತಿನಲ್ಲೂ ಕೈ ತೊಳೆದಳು, ಸೋಪು ಎರಡು ಸಲ ಜಾರಿ ಬಿತ್ತು. ಒಳಗೆ ಹೋದರೆ ಕಂಬಿಯ ಮೇಲೆ ಚೀಲ ನೇತಾಡುತ್ತಿತ್ತು, ಕೆಂಪು ಗೆರೆ ಕಂಡಕ್ಟರ ಕೈಯ ತನಕ ಇಳಿದಿತ್ತು. ನರ್ಸ್ ಆಗಷ್ಟೇ ಶುರು ಮಾಡಿ ಪಕ್ಕದಲ್ಲಿ ನಿಂತಿದ್ದಳು. ಪುಕ್ಕಿ ಪೈಪನ್ನು ಮುಚ್ಚಿ, ಕೈಯಿಂದ ಕಳಚಿದಳು.

ಯಾಕೆ ಎಂದು ನರ್ಸ್ ಕೇಳಿದಳು. ಬಾಯಿಗೆ ಒಂದು ಸುಳ್ಳು ತಾನಾಗಿಯೇ ಬಂದಿತ್ತು: ಸ್ವಲ್ಪ ಮೈ ಬಿಸಿ ಅನ್ನಿಸಿತು, ಯಾವುದಕ್ಕೂ ಇನ್ನೊಂದು ಮಾದರಿ ಕಳಿಸೋಣ. ಅಷ್ಟು ಹೇಳಿದ್ದರೆ ಯಾರೂ ಕೆದಕುತ್ತಿರಲಿಲ್ಲ. ಅಷ್ಟರಲ್ಲಿ ಬಂದ ಚುರುಕಪ್ಪ ವಿಷಯ ತಿಳಿದು, ಹೊರಗೆ ಕರೆದು ಹೇಳಿದ್ದೂ ಅದನ್ನೇ. ಆದರೆ ಪಕ್ಕದ ಹಾಸಿಗೆಯಲ್ಲಿ ಮೇಸ್ತ್ರಿ ಇದ್ದ. ಅವನ ಚೀಲವೂ ದಾರಿಯಲ್ಲಿತ್ತು, ಅವನಿಗೆ ಯಾವ ಜ್ವರ ಹೇಳುವುದು? ಇಬ್ಬರಿಗೂ ತಂತಮ್ಮ ಗುಂಪು ಯಾವುದೆಂದು ಗೊತ್ತಿರಲಿಲ್ಲ. ಅವಳು ಕೇಳಿಯೂ ನೋಡಿದಳು. ಅವಳು ಫೋನ್ ಎತ್ತಿ ದೊಡ್ಡ ಡಾಕ್ಟರಮ್ಮನಿಗೆ, ಅವಳಿ ತೆಗೆದದ್ದು, ಚೀಟಿ ಅಂಟಿಸದೆ ಜೇಬಿಗೆ ಹಾಕಿದ್ದು, ಈಗ ಯಾರದು ಯಾವುದು ಎಂದು ಗೊತ್ತಿಲ್ಲದ್ದು ಎಲ್ಲವನ್ನೂ ಹೇಳಿಬಿಟ್ಟಳು. ಹೇಳುವಾಗ ಧ್ವನಿ ಎಷ್ಟು ನಡುಗುತ್ತಿತ್ತೆಂದರೆ ಆ ಕಡೆಯವರು ಎರಡು ಸಲ ಏನು ಎಂದು ಕೇಳಿದರಂತೆ.

ದೊಡ್ಡ ಡಾಕ್ಟರಮ್ಮ ಬಂದವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ ಪುಕ್ಕಿ. ಕಂಡಕ್ಟರ ನಾಡಿ, ಜ್ವರ, ಉಸಿರು ನೋಡಿದರು, ಮೇಸ್ತ್ರಿಯ ಚೀಲ ಬಂದರೆ ಮುಟ್ಟಬಾರದು ಎಂದರು. ಇಬ್ಬರಿಗೂ ಹೊಸದಾಗಿ ಎರಡೆರಡು ಸಲ ರಕ್ತ ತೆಗೆಯಬೇಕು ಎಂದರು. ಪುಕ್ಕಿಯ ಕಡೆ ತಿರುಗಿ ಒಂದೇ ಮಾತು ಹೇಳಿದರು:

“ನೀವು ಇಲ್ಲೇ ನಿಂತು ನೋಡಿ. ಸೂಜಿ ಮುಟ್ಟಬೇಡಿ.”

ಕಂಡಕ್ಟರು ಅಷ್ಟೂ ಹೊತ್ತು ಅವಳ ಮುಖವನ್ನೇ ನೋಡುತ್ತಿದ್ದರು. ಪ್ರಯಾಣಿಕರ ಮುಖ ಓದಿ ಓದಿ ಪಳಗಿದ ಕಣ್ಣು. ಯಾರೂ ಬಿಡಿಸಿ ಹೇಳದಿದ್ದರೂ ಅರ್ಥವಾಗಿತ್ತು. ಒಳಗೆ ಎಷ್ಟು ಹೋಯಿತು ಎಂದು ಕೇಳಿದರು. ಸ್ವಲ್ಪ ಎಂದಳು. ಅದು ತನ್ನದೋ ಬೇರೆಯವರದೋ ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಕ್ಷಮಿಸಿ ಎಂದು ಕೈ ಹಿಡಿಯಲು ಹೋದಾಗ ಅವರು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

“ಬೇರೆ ಯಾರಾದ್ರೂ ಇದ್ರೆ ಕಳಿಸಮ್ಮ. ಇನ್ಮೇಲೆ ನೀವು ಬೇಡ.”

ಸಿಟ್ಟಿನಿಂದಲ್ಲ, ಮೆಲ್ಲಗೇ ಹೇಳಿದರು. ಅವರ ಹೆಂಡತಿ ಪುಕ್ಕಿಯ ಕಡೆ ನೋಡಲೇ ಇಲ್ಲ.

ಚುರುಕಪ್ಪ ರಕ್ತ ತೆಗೆಯಲು ಕೂತ. ಅವನ ಚುರುಕುತನವೆಲ್ಲ ಆ ತೋಳಿನ ಮುಂದೆ ನಡೆಯಲಿಲ್ಲ. ಚುಚ್ಚಿದ, ಹುಡುಕಿದ, ಮತ್ತೆ ಚುಚ್ಚಿದ. ಕಂಡಕ್ಟರು ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು, ಕಣ್ಣಂಚಿನಲ್ಲಿ ನೀರು. ಕೊನೆಗೂ ರಕ್ತ ಬಂತು. ಒಂದು ಟ್ಯೂಬು ತುಂಬಿತು. ದೊಡ್ಡ ಡಾಕ್ಟರಮ್ಮ ಫೋನಿಗೆಂದು ಹೊರಗೆ ಹೋಗಿದ್ದರು. ಚುರುಕಪ್ಪನ ಎಡಗೈ ಅದರ ಪಾಡಿಗೆ ಅದು ತಟ್ಟೆಯಲ್ಲಿದ್ದ ಎರಡನೆಯ ಟ್ಯೂಬಿನ ಕಡೆ ಹೋಯಿತು. ಆ ಹೊತ್ತಿನಲ್ಲಿ ಯಾರ ಕೈಯಾದರೂ ಹೋಗುತ್ತಿತ್ತೇನೋ. ಸೂಜಿ ಒಳಗಿದೆ, ರಕ್ತ ಬರುತ್ತಿದೆ, ಕಂಡಕ್ಟರು ಒದ್ದಾಡುತ್ತಿದ್ದಾರೆ. ಹೆಂಡತಿಯೂ ತುಂಬಿಸಿಕೊಂಡುಬಿಡಪ್ಪ ಎಂದು ಕೈ ಮುಗಿದರು.

ಜೀವಮಾನದಲ್ಲಿ ಯಾರ ಮುಂದೆಯೂ ಧ್ವನಿ ಎತ್ತದವಳು ನನ್ನ ತಂಗಿ. ಮೂಲೆಯಲ್ಲಿ ನಿಂತಿದ್ದವಳು ಮುಂದೆ ಬಂದು ಆ ಟ್ಯೂಬಿನ ಮೇಲೆ ಅಂಗೈ ಮುಚ್ಚಿದಳು.

“ಬೇಡ. ಇದು ಸಾಕು. ಇನ್ನೊಂದ್ಸಲ ಚುಚ್ಚೋಣ.”

ಚುರುಕಪ್ಪ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ಆ ಹೆಂಗಸು, ನಿನಗೆ ಕರುಳೇ ಇಲ್ಲವೇನೇ ಎಂದು ಕೇಳಿದರು. ಆ ಮಾತು ಅವಳ ಕಿವಿಯಲ್ಲಿ ಈಗಲೂ ಇದೆ. ಅವಳು ಅಂಗೈ ತೆಗೆಯಲಿಲ್ಲ. ಅದರಡಿಯ ಟ್ಯೂಬು ತಟ್ಟೆಗೆ ಬಡಿದು ಕಟಕಟ ಸದ್ದು ಮಾಡುತ್ತಿತ್ತು. ಚುರುಕಪ್ಪ ಸೂಜಿ ತೆಗೆದ, ಅಲ್ಲೇ ಹಾಸಿಗೆಯ ಪಕ್ಕದಲ್ಲೇ ಚೀಟಿ ಅಂಟಿಸಿದ. ಒಂದು ಗಂಟೆಯ ಮೇಲೆ ಬಂದು ಇನ್ನೊಂದು ತೋಳಿಗೆ ಮತ್ತೆ ಚುಚ್ಚಿದ.

ಆಮೇಲೆ ಕಾಯುವುದು. ಪುಕ್ಕಿ ವಾರ್ಡಿನ ಬಾಗಿಲಲ್ಲಿ ನಿಂತು ಕಂಡಕ್ಟರ ಮೈ ನಡುಗುತ್ತದೆಯೇ, ಮೂತ್ರದ ಚೀಲಕ್ಕೆ ಕೆಂಪು ಬಣ್ಣ ಬರುತ್ತದೆಯೇ ಎಂದು ನೋಡುತ್ತಿದ್ದಳು. ಅವರು ಕೆಮ್ಮಿದರೆ ಇವಳ ಜೀವ ಬಾಯಿಗೆ ಬರುತ್ತಿತ್ತು. ಅವರು ಸೊಂಟದ ಕೆಳಗೆ ಕೈ ಇಟ್ಟುಕೊಂಡಾಗ, ನೋವಾ ಎಂದು ಕೇಳಲು ಬಾಯಿ ಬರಲಿಲ್ಲ. ದಿಂಬು ಸರಿ ಮಾಡಿಕೊಂಡರಷ್ಟೆ. ಕಂಡಕ್ಟರು ಸತ್ತರೆ ಆ ಹೆಂಗಸಿನ ಮುಖ ಹೇಗೆ ನೋಡುವುದು ಎಂದು ಒಂದು ಸಲ, ಇನ್ನು ತನ್ನನ್ನು ಯಾವ ಆಸ್ಪತ್ರೆ ಸೇರಿಸುತ್ತದೆ ಎಂದು ಒಂದು ಸಲ ಯೋಚನೆ ಬಂತಂತೆ. ಎರಡನೆಯದು ಬಂದದ್ದಕ್ಕೆ ನಾಚಿಕೆಯಾಯಿತಂತೆ. ಬರದೆ ಇರುತ್ತದೆಯೇ, ಹುಚ್ಚಿ.

ಸಂಜೆಯ ಹೊತ್ತಿಗೆ ಉತ್ತರ ಬಂತು. ಇಬ್ಬರ ಗುಂಪೂ ಬೆಳಿಗ್ಗೆ ಕಳಿಸಿದ್ದಕ್ಕೆ ಸರಿಯಾಗಿಯೇ ಇತ್ತು. ಚೀಟಿಗಳು ಸರಿಯಾಗಿಯೇ ಅಂಟಿದ್ದವು. ನೇತಾಡುತ್ತಿದ್ದದ್ದು ಕಂಡಕ್ಟರಿಗೆ ಸೇರಬೇಕಾದ ರಕ್ತವೇ. ಆದರೆ ಕಳಚಿಟ್ಟ ಚೀಲವನ್ನು ಅಷ್ಟು ಹೊತ್ತಾದ ಮೇಲೆ ಹಾಕುವಂತಿಲ್ಲ, ಚೆಲ್ಲಿದರು. ಇನ್ನೊಂದು ಚೀಲ ಮಾರನೆಯ ದಿನವೇ ಸಿಗುವುದು. ಅಲ್ಲಿಯ ತನಕ ಕಂಡಕ್ಟರು ಮೂಗಿಗೆ ಆಕ್ಸಿಜನ್ ಹಾಕಿಕೊಂಡು, ದಡಕ್ಕೆ ಎಸೆದ ಮೀನಿನ ಹಾಗೆ ಉಸಿರೆಳೆದುಕೊಂಡು ಬಿದ್ದಿರಬೇಕಾಯಿತು.

ಅವಳು ಮನೆಗೆ ಬಂದು ಇಷ್ಟನ್ನೂ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮಿಷನ್ ನಿಲ್ಲಿಸಿ ಚೆನ್ನಾಗಿ ಬೈದೆ. ಎಲ್ಲ ಸರಿಯಾಗಿತ್ತಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಆ ಮನುಷ್ಯನಿಗೆ ಮಧ್ಯಾಹ್ನವೇ ರಕ್ತ ಸಿಗುತ್ತಿತ್ತು, ನಿನಗೂ ಮರ್ಯಾದೆ ಉಳಿಯುತ್ತಿತ್ತು, ಈಗ ಊರೆಲ್ಲ ತಮಟೆ ಹೊಡೆಸಿಕೊಂಡು ಬಂದೆಯಲ್ಲ ಎಂದೆ. ಅವಳು ತಲೆ ಬಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡಳು.

“ಸರಿಯಾಗಿತ್ತು ಅಂತ ಆಗ ನಂಗೆ ಗೊತ್ತಿರ್ಲಿಲ್ಲ ಅಕ್ಕ.”

ಏನೋ ಒಂದು ಮಾಡಬೇಕಲ್ಲ ಎಂದು ಅವಳ ಕೋಟು ಎಳೆದುಕೊಂಡು, ಹಾಳು ಜೇಬನ್ನಾದರೂ ಹೊಲಿಯೋಣ ಎಂದು ಒಳಮಗ್ಗುಲು ತಿರುವಿದೆ. ನಾನು ಸೋಮಾರಿತನ ಬಿಟ್ಟು ಮೊದಲೇ ಹೊಲಿದುಕೊಟ್ಟಿದ್ದರೆ ಪೆನ್ನು ಬೀಳುತ್ತಿರಲಿಲ್ಲ, ಹಾಗಾಗಿ ನನಗೂ ಸ್ವಲ್ಪ ಶಹಭಾಸ್ ಹೇಳು ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ. ತಳ ಹೊಲಿಯುವುದು ಬೇಡ, ಬಾಯಿ ಹೊಲಿದುಬಿಡು ಎಂದಳು. ಎರಡೂ ಜೇಬಿನ ಬಾಯಿ. ಪೆನ್ನು, ಕರವಸ್ತ್ರ, ಫೋನು ಎಲ್ಲಿಡುತ್ತೀ ಎಂದು ಕೇಳಿದೆ. ಎಲ್ಲಾದರೂ ಇಡುತ್ತೇನೆ, ನೀನು ಹೊಲಿ ಎಂದಳು. ಜೇಬು ಇಡುವುದೇ ನನ್ನ ಕಸುಬು, ಆ ದಿನ ಇದ್ದ ಜೇಬನ್ನು ಗಟ್ಟಿ ದಾರದಲ್ಲಿ ಎರಡೆರಡು ಸಲ ಮುಚ್ಚಿದೆ.

ಎರಡು ವಾರ ಅವಳು ಸೂಜಿ ಮುಟ್ಟುವಂತಿರಲಿಲ್ಲ. ಎಲ್ಲರ ಮುಂದೆ ನಿಂತು ನಡೆದದ್ದನ್ನು ಹೇಳಬೇಕಾಯಿತು. ಹೇಳಿಕೊಟ್ಟವನ ಹೆಸರು ಹೇಳಲಿಲ್ಲ. ಚುರುಕಪ್ಪ ತಾನೇ ಎದ್ದು ನಿಂತು ತಾನೂ ಅವಳಿ ತೆಗೆದಿದ್ದೇನೆ ಎಂದನಂತೆ, ಅವನ ಹಿಂದೆ ಇನ್ನೂ ಕೆಲವರು. ಇನ್ನು ಮೇಲೆ ಹೊಸಬರಾಗಲಿ ಹಳಬರಾಗಲಿ ರಕ್ತ ಬೇಕೆಂದಾಗಲೆಲ್ಲ ಎರಡು ಸಲ, ಎರಡು ಕೈ ಎಂದು ದೊಡ್ಡ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು. ವಾರ್ಡಿನ ರೋಗಿಗಳೆಲ್ಲ ಅದಕ್ಕೆ ಪುಕ್ಕಿಯನ್ನೇ ಶಪಿಸಿದರು. ಪ್ರತಿ ಬೆಳಿಗ್ಗೆ ಹೊರಡುವಾಗ ಅವಳು, ಕೆಲಸ ಬಿಟ್ಟುಬಿಡಲಾ ಅಕ್ಕ ಎಂದು ಕೇಳುತ್ತಿದ್ದಳು. ನಾನು ಬಿಡು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅವಳು ಹೋಗುವುದನ್ನು ಬೀದಿಯ ಕೊನೆಯ ತನಕ ನೋಡುತ್ತಿದ್ದೆ. ಬೀಗ ನೋಡಲು ವಾಪಸ್ ಬರುತ್ತಿದ್ದಳು, ಮತ್ತೆ ಹೋಗುತ್ತಿದ್ದಳು.

ಮೂರನೆಯ ವಾರದ ಮೊದಲ ಬೆಳಿಗ್ಗೆ ಚುರುಕಪ್ಪನಿಗೆ ರಜೆ. ಕಂಡಕ್ಟರಿಗೆ ಮತ್ತೆ ರಕ್ತ ಬೇಕಾಗಿತ್ತು. ಬೇರೆ ಯಾರೂ ಇರಲಿಲ್ಲ. ಪುಕ್ಕಿ ತಟ್ಟೆ ಹಿಡಿದು ಅವರ ಹಾಸಿಗೆಯಿಂದ ಮಾರು ದೂರದಲ್ಲೇ ನಿಂತಳು. ತಾನು ಬೇಡವೆಂದರೆ ಹನ್ನೊಂದು ಗಂಟೆಗೆ ಬೇರೆಯವರು ಬರುತ್ತಾರೆ, ಕಾಯಬಹುದು ಎಂದಳು. ಕಂಡಕ್ಟರು ಅವಳ ಕೋಟನ್ನು ನೋಡಿದರು. ಜೇಬಿಗೇನಾಯಿತು ಎಂದು ಕೇಳಿದರು. ಹೊಲಿಸಿಬಿಟ್ಟೆ ಎಂದಳು.

“ನಾವೂ ಡ್ಯೂಟಿ ಮೇಲೆ ಜೇಬಿಗೆ ಕೈ ಹಾಕೋ ಹಾಗಿರ್ಲಿಲ್ಲ,” ಎಂದರು ಕಂಡಕ್ಟರು. “ದುಡ್ಡೆಲ್ಲ ಚೀಲಕ್ಕೇ ಹೋಗ್ಬೇಕು. ಕರ್ಚೀಫ್ ತೆಗೆಯೋಕೆ ಕೈ ಹೋದ್ರೂ ಚೆಕಿಂಗ್‌ನೋರು ಬಿಡ್ತಿರ್ಲಿಲ್ಲ.”

ಹೆಂಡತಿ ಗಂಡನ ಮುಖ ನೋಡಿದರು, ಎದ್ದು ಸ್ಟೂಲನ್ನು ಪುಕ್ಕಿಯ ಕಡೆ ಸರಿಸಿದರು. ಕಂಡಕ್ಟರು ಹೊದಿಕೆಯೊಳಗಿಂದ ತೋಳು ತೆಗೆದು ಚಾಚಿದರು. ಅವಳ ಕೈ ನಡುಗುತ್ತಿತ್ತು. ನಡುಕ ನಿಲ್ಲುವ ತನಕ ಅವರು ಚಾಚಿದ ತೋಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲ ಚುಚ್ಚು ತಪ್ಪಿತು. ಎರಡನೆಯದು ಸಿಕ್ಕಿತು. ಒಂದು ಟ್ಯೂಬು ತುಂಬಿಸಿ, ಸೂಜಿ ತೆಗೆದು, ಅಲ್ಲೇ ಕೂತು ಅವರ ಹೆಸರನ್ನು ಅವರಿಂದಲೇ ಹೇಳಿಸಿ ಚೀಟಿ ಅಂಟಿಸಿದಳು. ಇನ್ನೊಂದು ಯಾವಾಗ ಎಂದು ಕೇಳಿದರು. ಒಂದು ಗಂಟೆ ಬಿಟ್ಟು, ಆ ಕೈಗೆ ಎಂದಳು. ಅವರು ಕಣ್ಣು ಮುಚ್ಚಿಕೊಂಡರು.

“ನಂಗೂ ಹೆದ್ರಿಕೆ ಆಗುತ್ತಮ್ಮ. ಆದ್ರೂ ನೀವೇ ಬನ್ನಿ.”

ಆ ಒಂದು ಗಂಟೆ ಪೂರ್ತಿ ಅವಳು ಬಾಗಿಲ ಹೊರಗೆ ಗಡಿಯಾರ ನೋಡುತ್ತ ನಿಂತಿದ್ದಳಂತೆ.